ಕಾರಿನ ಇನ್ಶೂರೆನ್ಸ್ ದರ ಎಲ್ಲಿಂದ ಬಂತು? 1939ರಿಂದ ಈಚಿನ ಲೆಕ್ಕ

ವರ್ಷಕ್ಕೊಮ್ಮೆ ಬರುವ ಇನ್ಶೂರೆನ್ಸ್ ಕಾಗದವನ್ನು ಕೂತು ಓದುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಪೊಲೀಸರು ಗಾಡಿ ನಿಲ್ಲಿಸಿದಾಗ ತೋರಿಸಲು ಒಂದು ಕಾಗದ ಬೇಕು, ಅಷ್ಟೇ ಅನ್ನುವುದು ರೂಢಿ. ಏಜೆಂಟ್ ಹೇಳಿದಷ್ಟು ಹಣ ಕಟ್ಟುತ್ತೇವೆ. ವಾಟ್ಸಾಪ್‌ಗೆ ಬಂದ ಪಿಡಿಎಫ್ ತೆರೆಯದೇ ಫೋನಿನಲ್ಲಿ ಉಳಿಯುತ್ತದೆ. ಅಪಘಾತವಾದ ದಿನವೇ ಅದನ್ನು ಮೊದಲ ಬಾರಿ ತೆರೆದು ನೋಡುವುದು.

ಆ ಕಾಗದದಲ್ಲಿ ಮುಖ್ಯವಾಗಿ ಎರಡು ಮೊತ್ತಗಳಿರುತ್ತವೆ. ಒಂದು ‘ಓನ್ ಡ್ಯಾಮೇಜ್’, ಅಂದರೆ ನಿಮ್ಮ ಗಾಡಿಗೇ ಆಗುವ ನಷ್ಟಕ್ಕೆ. ಇನ್ನೊಂದು ‘ಥರ್ಡ್ ಪಾರ್ಟಿ’, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಎರಡೂ ಒಂದೇ ಹಾಳೆಯ ಮೇಲಿದ್ದರೂ ಅವುಗಳ ಹುಟ್ಟು ಬೇರೆ. ಮೊದಲನೆಯದನ್ನು ಕಂಪನಿ ಲೆಕ್ಕ ಹಾಕುತ್ತದೆ. ಎರಡನೆಯದನ್ನು ಸರ್ಕಾರ ನಿಗದಿ ಮಾಡುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಯಾರಿಗೆ ಪರಿಹಾರ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೂ ಈ ಚರಿತ್ರೆಯಲ್ಲೇ ಇದೆ.

ಮೂರನೆಯವನು ಯಾರು?

ವಿಮೆ ಒಂದು ಒಪ್ಪಂದ. ಗಾಡಿ ಮಾಲೀಕ ಮೊದಲನೆಯವನು, ಕಂಪನಿ ಎರಡನೆಯದು. ರಸ್ತೆ ದಾಟುತ್ತಿದ್ದ ಅಜ್ಜಿ, ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಹುಡುಗ, ಎದುರಿಗೆ ಬಂದ ಬೈಕಿನವನು, ಇವರೆಲ್ಲ ಮೂರನೆಯವರು. ಒಪ್ಪಂದಕ್ಕೆ ಇವರು ಸಹಿ ಹಾಕಿಲ್ಲ, ಹಣ ಕಟ್ಟಿಲ್ಲ. ಆದರೂ ಕಾನೂನು ಕಡ್ಡಾಯ ಮಾಡಿರುವುದು ಇವರ ಹೆಸರಿನ ವಿಮೆಯನ್ನೇ. ನಿಮ್ಮ ಕಾರಿಗೆ ನೀವು ವಿಮೆ ಮಾಡಿಸದಿದ್ದರೆ ಕಾನೂನು ಕೇಳುವುದಿಲ್ಲ. ನಿಮ್ಮ ಕಾರಿನಿಂದ ಪೆಟ್ಟು ತಿನ್ನಬಹುದಾದವರಿಗೆ ಮಾಡಿಸದಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಮೊದಲು ಹೀಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ 1855ರ ಮಾರಕ ಅಪಘಾತಗಳ ಕಾಯ್ದೆ ಎಂಬುದೊಂದಿತ್ತು. ಬೇರೆಯವರ ತಪ್ಪಿನಿಂದ ಮನೆಯವರು ಸತ್ತರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದಿತ್ತು. ಆದರೆ ಅದು ವಕೀಲರ ಫೀಸು, ಸಾಕ್ಷಿ, ವರ್ಷಗಟ್ಟಲೆ ಅಲೆದಾಟದ ದಾರಿ. ಗೆದ್ದರೂ ಎದುರಾಳಿಯ ಬಳಿ ಹಣವಿಲ್ಲದಿದ್ದರೆ ತೀರ್ಪು ಬರೀ ಕಾಗದವಾಗಿ ಉಳಿಯುತ್ತಿತ್ತು. ಅವನ ಬಳಿ ಗಾಡಿ ಇದ್ದಿರಬಹುದು, ಆದರೆ ಅಪಘಾತದಲ್ಲಿ ಆ ಗಾಡಿಯೇ ಹಾಳಾಗಿರುತ್ತಿತ್ತು.

ಬ್ರಿಟನ್ನಿನಲ್ಲೂ ಇದೇ ತೊಂದರೆ ಇತ್ತು. 1930ರಲ್ಲಿ ಅಲ್ಲಿನ ರಸ್ತೆಗಳಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಬಂದ ರಸ್ತೆ ಸಂಚಾರ ಕಾಯ್ದೆಯು ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ಜಾಡಿನಲ್ಲಿ ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಅದರ ಎಂಟನೇ ಅಧ್ಯಾಯದಲ್ಲಿ ಕಡ್ಡಾಯ ವಿಮೆಯ ಮಾತು ಬರೆಯಲಾಗಿತ್ತು. ನಡುವೆ ಎರಡನೇ ಮಹಾಯುದ್ಧ ಬಂದುಹೋಯಿತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು.

ವಿಮೆ ಕಡ್ಡಾಯವಾದರೂ ಪರಿಹಾರ ಪಡೆಯಲು ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾಯಿತು. ಕೋರ್ಟಿನ ಆವರಣದಲ್ಲಿ ಜನ ‘ಎಂಎಸಿಟಿ ಕೇಸು’ ಅನ್ನುವುದು ಇದನ್ನೇ. 1982ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಚಾಲಕನ ತಪ್ಪು ಸಾಬೀತಾಗದಿದ್ದರೂ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದಾಯಿತು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಇಂದಿಗೂ ನಾವು ಓಡಾಡುತ್ತಿರುವುದು ಅದರ ಅಡಿಯಲ್ಲೇ.

ಇದು ಚೀಟಿ ಅಲ್ಲ

‘ಇಷ್ಟು ವರ್ಷ ಕಟ್ಟಿದೆ, ಒಂದು ರೂಪಾಯಿ ವಾಪಸ್ ಬರಲಿಲ್ಲ’ ಎಂಬ ಮಾತನ್ನು ಅರಳಿಕಟ್ಟೆಯಲ್ಲೂ ಕೇಳುತ್ತೇವೆ, ಗ್ಯಾರೇಜಿನಲ್ಲೂ ಕೇಳುತ್ತೇವೆ. ವಿಮೆಯನ್ನು ಚೀಟಿಯಂತೆ ನೋಡಿದಾಗ ಹೀಗನ್ನಿಸುತ್ತದೆ. ಇಪ್ಪತ್ತು ಜನರ ಚೀಟಿಯಲ್ಲಿ ಇಪ್ಪತ್ತೂ ಜನರಿಗೆ ಒಂದಲ್ಲ ಒಂದು ತಿಂಗಳು ಹಣ ಬರುತ್ತದೆ. ವಿಮೆಯಲ್ಲಿ ಹಾಗಲ್ಲ. ಸಾವಿರಾರು ಜನ ಕಟ್ಟುತ್ತಾರೆ, ಏಟು ಬಿದ್ದ ಕೆಲವರ ಮನೆಗೆ ಅದು ಹೋಗುತ್ತದೆ. ಉಳಿದವರ ಪಾಲಿಗೆ ಹಣ ವಾಪಸ್ ಬರದಿರುವುದೇ ಅದೃಷ್ಟ.

ಎಷ್ಟು ಜನರ ಹಣ ಸೇರಿದರೆ ಒಂದು ಮನೆಗೆ ಸಾಕಾಗುತ್ತದೆ? ಒಂದು ಲೆಕ್ಕ ಹಾಕಿ ನೋಡೋಣ. ಪರಿಹಾರ ಎಣಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ ಮತ್ತು 2017ರ ಪ್ರಣಯ್ ಸೇಥಿ ಪ್ರಕರಣದಲ್ಲಿ ಒಂದು ಹದಕ್ಕೆ ತಂದಿತು.

38 ವರ್ಷದ ಒಬ್ಬ ಕೂಲಿಕಾರ ಎಂದುಕೊಳ್ಳಿ. ತಿಂಗಳ ದುಡಿಮೆ 12,000 ರೂಪಾಯಿ. ಮನೆಯಲ್ಲಿ ಅವನನ್ನೇ ನಂಬಿದವರು ನಾಲ್ಕು ಜನ. ನಲವತ್ತರ ಒಳಗಿನ ಸ್ವಂತ ದುಡಿಮೆಗಾರನಾದ್ದರಿಂದ ಮುಂದಿನ ಗಳಿಕೆಗೆಂದು ಶೇಕಡ 40 ಸೇರಿಸುತ್ತಾರೆ, 16,800 ಆಯಿತು. ಅವನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಪಾಲು ಕಳೆಯುತ್ತಾರೆ, 12,600 ಉಳಿಯಿತು. ವರ್ಷಕ್ಕೆ 1,51,200. ಅವನ ವಯಸ್ಸಿಗೆ ಗುಣಕ 15. ಗುಣಿಸಿದರೆ 22,68,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ.

ಈಗ ಇನ್ನೊಂದು ಬದಿ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 75ರಿಂದ 150 ಸಿಸಿ ನಡುವಿನ ಬೈಕಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಕಂತು 714 ರೂಪಾಯಿ. ಹಾಗಾದರೆ ಆ ಒಬ್ಬ ಕೂಲಿಕಾರನ ಮನೆಗೆ ಪರಿಹಾರ ಕೊಡಬೇಕಾದರೆ 3,176ಕ್ಕೂ ಹೆಚ್ಚು ಬೈಕುಗಳ ಇಡೀ ವರ್ಷದ ಕಂತು ಬೇಕು. ನಾಲ್ಕಾರು ಊರುಗಳ ಬೈಕುಗಳೆಲ್ಲ ಸೇರಿದರೂ ಅಷ್ಟಾಗುವುದು ಕಷ್ಟ. ‘ರಿಸ್ಕ್’ ಎಂದು ಕಂಪನಿಗಳು ಕರೆಯುವುದು ಇದನ್ನೇ. ಅಂಥದ್ದೊಂದು ಸಾವು ಎಷ್ಟು ಗಾಡಿಗೆ ಒಂದರಂತೆ ಬರುತ್ತದೆ, ಬಂದಾಗ ಎಷ್ಟು ಕೊಡಬೇಕಾಗುತ್ತದೆ ಎಂಬ ಎರಡು ಅಂಕಿಗಳನ್ನು ಗುಣಿಸಿದರೆ ಕಂತಿನ ಅಡಿಪಾಯ ಸಿಗುತ್ತದೆ. ಅದರ ಮೇಲೆ ಕಚೇರಿ ಖರ್ಚು, ಏಜೆಂಟರ ಕಮಿಷನ್, ಲಾಭ, ಜಿಎಸ್‌ಟಿ ಸೇರುತ್ತವೆ.

ದೇಶಕ್ಕೆಲ್ಲ ಒಂದೇ ದರಪಟ್ಟಿ

ನಮ್ಮಲ್ಲಿ ಬಹುಕಾಲ ಕಂಪನಿಗಳು ತಮ್ಮಿಷ್ಟದ ದರ ಹಾಕುವಂತಿರಲಿಲ್ಲ. 1968ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ತಂದು ದರ ಸಲಹಾ ಸಮಿತಿಯನ್ನು ಮಾಡಿದರು. ಅದು ಹೇಳಿದ ದರವೇ ದರ. ನಂತರ 1972ರ ಕಾಯ್ದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. 107 ಕಂಪನಿಗಳನ್ನು ಸೇರಿಸಿ ನಾಲ್ಕು ಮಾಡಿದರು. ಕೋಲ್ಕತ್ತಾದ ನ್ಯಾಷನಲ್, ಮುಂಬೈಯ ನ್ಯೂ ಇಂಡಿಯಾ, ದೆಹಲಿಯ ಓರಿಯಂಟಲ್, ಚೆನ್ನೈಯ ಯುನೈಟೆಡ್ ಇಂಡಿಯಾ. 1973ರ ಜನವರಿ 1ರಿಂದ ಈ ನಾಲ್ಕೇ ಹೆಸರು. ನಮ್ಮ ತಾಲ್ಲೂಕು ಕೇಂದ್ರಗಳ ಹಳೆಯ ಲಾರಿ ಮಾಲೀಕರ ಬಾಯಲ್ಲಿ ಈಗಲೂ ಇವೇ ಹೆಸರುಗಳಿವೆ. ಕರ್ನಾಟಕದಲ್ಲಿ ಸರ್ಕಾರಿ ಗಾಡಿಗಳಿಗೆ ಕೆಜಿಐಡಿ, ಅಂದರೆ ಸರ್ಕಾರಿ ವಿಮಾ ಇಲಾಖೆಯ ಮೋಟಾರು ವಿಭಾಗವೇ ವಿಮೆ ಮಾಡುತ್ತದೆ.

1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಬಂತು, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಆದರೂ ದರಪಟ್ಟಿ ಒಂದೇ ಇತ್ತು. 2002ರ ಜುಲೈ 1ರಿಂದ ಜಾರಿಯಾದ ಮೋಟಾರು ದರಪಟ್ಟಿಯನ್ನು ಇಂದು ಓದಿದರೂ ಈಗಿನ ಪಾಲಿಸಿಯಲ್ಲಿರುವ ಬಹುತೇಕ ಶಬ್ದಗಳು ಅಲ್ಲಿ ಸಿಗುತ್ತವೆ. ಕಾರಿನ ರಿಸ್ಕನ್ನು ಅದು ಅಳೆದದ್ದು ಐದು ಅಳತೆಗೋಲಿನಿಂದ.

ಮೊದಲನೆಯದು ಐಡಿವಿ, ಅಂದರೆ ಈ ಹೊತ್ತಿಗೆ ಗಾಡಿಯ ಬೆಲೆ. ಕಂಪನಿ ಮಾರುವ ಬೆಲೆಯಿಂದ ಸವಕಳಿ ಕಳೆಯಬೇಕು. ಆರು ತಿಂಗಳೊಳಗಿನ ಗಾಡಿಗೆ ಶೇಕಡ 5, ಆರು ತಿಂಗಳಿಂದ ಒಂದು ವರ್ಷಕ್ಕೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕಕ್ಕೆ 40, ಐದಕ್ಕೆ 50. ಎಂಟು ಲಕ್ಷದ ಕಾರಿಗೆ ಎರಡೂವರೆ ವರ್ಷವಾಗಿದ್ದರೆ ಐಡಿವಿ 5,60,000 ರೂಪಾಯಿ. ಐದು ವರ್ಷ ದಾಟಿದರೆ ನೀವೂ ಕಂಪನಿಯೂ ಮಾತಾಡಿಕೊಂಡು ಬೆಲೆ ಒಪ್ಪಬೇಕು. ಕಳವಾದರೆ, ಪೂರ್ತಿ ನಾಶವಾದರೆ ಸಿಗುವ ಹಣ ಈ ಐಡಿವಿಯ ಲೆಕ್ಕದಲ್ಲೇ. ಕಂತು ಕಡಿಮೆಯಾಗಲಿ ಎಂದು ಐಡಿವಿ ಇಳಿಸುವ ಏಜೆಂಟ್, ನಿಮ್ಮ ಪರಿಹಾರವನ್ನೂ ಇಳಿಸುತ್ತಿದ್ದಾನೆ.

ಎರಡನೆಯದು ಎಂಜಿನ್ನಿನ ಸಿಸಿ. 1000ದವರೆಗೆ, 1000ದಿಂದ 1500, 1500ರ ಮೇಲೆ ಎಂದು ಮೂರು ಗುಂಪು. ದೊಡ್ಡ ಎಂಜಿನ್ ಎಂದರೆ ಹೆಚ್ಚು ವೇಗ, ದುಬಾರಿ ಬಿಡಿಭಾಗ ಎಂಬ ಊಹೆ. ಎಲೆಕ್ಟ್ರಿಕ್ ಗಾಡಿಗೆ ಸಿಸಿ ಇಲ್ಲವಾದ್ದರಿಂದ ಅದನ್ನು ಈಗ ಕಿಲೋವಾಟ್‌ನಲ್ಲಿ ಅಳೆಯುತ್ತಾರೆ.

ಮೂರನೆಯದು ಗಾಡಿಯ ವಯಸ್ಸು. ನಾಲ್ಕನೆಯದು ಊರು. ಐದನೆಯದು ನಿಮ್ಮ ಚರಿತ್ರೆ, ಅಂದರೆ ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಕಂತಿನಲ್ಲಿ ಶೇಕಡ 20 ಬಿಡುವು. ಹಾಗೇ ಎರಡನೇ ವರ್ಷ 25, ಆಮೇಲೆ 35, 45, ಐದು ವರ್ಷಕ್ಕೆ 50.

ಪೇಟೆ ಕಾರು, ಹಳ್ಳಿ ಕಾರು

ಊರಿನ ಅಳತೆಗೋಲನ್ನು ಸ್ವಲ್ಪ ನಿಂತು ನೋಡಬೇಕು. ಖಾಸಗಿ ಕಾರು, ಬೈಕುಗಳಿಗೆ ದೇಶವನ್ನು ಎರಡು ವಲಯ ಮಾಡಿದ್ದರು. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ, ಮುಂಬೈ, ದೆಹಲಿ, ಪುಣೆ ಈ ಎಂಟು ಊರುಗಳು ‘ಎ’ ವಲಯ. ಉಳಿದ ಇಡೀ ದೇಶ ‘ಬಿ’ ವಲಯ. ಮೈಸೂರೂ, ಹುಬ್ಬಳ್ಳಿಯೂ, ನಮ್ಮ ಹಳ್ಳಿಗಳೂ ಒಂದೇ ಗುಂಪಿನಲ್ಲಿ. ಗಾಡಿ ಎಲ್ಲಿ ಓಡುತ್ತದೆ ಎಂಬುದಲ್ಲ, ಯಾವ ಆರ್‌ಟಿಒದಲ್ಲಿ ನೋಂದಣಿಯಾಗಿದೆ ಎಂಬುದೇ ಲೆಕ್ಕ.

ವ್ಯತ್ಯಾಸ ಎಷ್ಟು? ಐದು ವರ್ಷದೊಳಗಿನ, 1000ದಿಂದ 1500 ಸಿಸಿಯ ಕಾರಿಗೆ ಆ ಪಟ್ಟಿಯಲ್ಲಿ ‘ಎ’ ವಲಯದ ದರ ಐಡಿವಿಯ ಶೇಕಡ 3.283. ‘ಬಿ’ ವಲಯದಲ್ಲಿ 3.191. ಐದು ಲಕ್ಷ ಐಡಿವಿಯ ಕಾರಿಗೆ ಬೆಂಗಳೂರಿನಲ್ಲಿ 16,415 ರೂಪಾಯಿ, ನಮ್ಮಲ್ಲಿ 15,955. ಅಂತರ 460 ರೂಪಾಯಿ ಮಾತ್ರ. ಅದೇ ಕಾರಿನವನು ಐದು ವರ್ಷ ಕ್ಲೇಮ್ ಮಾಡದಿದ್ದರೆ ಕಂತು ಅರ್ಧಕ್ಕೆ ಇಳಿಯುತ್ತಿತ್ತು. ಊರಿಗಿಂತ ಓಡಿಸುವವನ ಚರಿತ್ರೆಗೆ ದರಪಟ್ಟಿ ಕೊಟ್ಟ ತೂಕ ಹೆಚ್ಚು.

ಹಳ್ಳಿಗೆ ಕಡಿಮೆ ದರ ಎಂದರೆ ಹಳ್ಳಿಯ ರಸ್ತೆ ಸುರಕ್ಷಿತ ಎಂದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾವು ಗ್ರಾಮೀಣ ಪ್ರದೇಶದಲ್ಲಿ. ವಲಯದ ದರ ಅಳೆಯುವುದು ಗಾಡಿಯ ನಷ್ಟವನ್ನು, ಅಂದರೆ ಟ್ರಾಫಿಕ್‌ನಲ್ಲಿ ತರಚಿದ ಬಂಪರ್, ಕಳುವಾದ ಕಾರು. ಅದು ಪೇಟೆಯಲ್ಲಿ ಹೆಚ್ಚು. ಕತ್ತಲಲ್ಲಿ ರಸ್ತೆ ಬದಿ ನಿಂತ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿ ಆಗುವ ಸಾವು ಥರ್ಡ್ ಪಾರ್ಟಿ ಲೆಕ್ಕಕ್ಕೆ ಬರುತ್ತದೆ. ಖಾಸಗಿ ಕಾರು, ಬೈಕುಗಳ ಥರ್ಡ್ ಪಾರ್ಟಿ ಕಂತಿಗೆ ಊರಿನ ಭೇದವೇ ಇಲ್ಲ. ಕಡಿಮೆ ಕಂತು ನೋಡಿ ನಮ್ಮ ರಸ್ತೆಯ ಬಗ್ಗೆ ಧೈರ್ಯ ತಂದುಕೊಳ್ಳಬಾರದು.

ಯಾರಿಗೂ ಬೇಡವಾದ ಗಾಡಿಗಳು

2007ರ ಜನವರಿ 1ರಿಂದ ದೊಡ್ಡ ಬದಲಾವಣೆ ಆಯಿತು. ಓನ್ ಡ್ಯಾಮೇಜ್ ದರದ ಮೇಲಿನ ಹಿಡಿತ ಸಡಿಲವಾಯಿತು. ಕಂಪನಿಗಳು ತಮ್ಮ ಲೆಕ್ಕ ತಾವು ಹಾಕತೊಡಗಿದವು. ಯಾವ ಮಾಡೆಲ್ ಹೆಚ್ಚು ಕಳುವಾಗುತ್ತದೆ, ಯಾವ ಕಾರಿನ ಬಿಡಿಭಾಗ ದುಬಾರಿ, ಯಾವ ಆರ್‌ಟಿಒ ವ್ಯಾಪ್ತಿಯಲ್ಲಿ ಕ್ಲೇಮ್ ಹೆಚ್ಚು ಎಂದೆಲ್ಲ ನೋಡಿ ಒಂದೇ ಕಾರಿಗೆ ಬೇರೆ ಬೇರೆ ಕಂಪನಿ ಬೇರೆ ಬೇರೆ ದರ ಹೇಳುವ ಕಾಲ ಆಗ ಶುರುವಾಯಿತು. ಆದ್ದರಿಂದಲೇ ಈಗ ಎರಡು ಮೂರು ಕಡೆ ಕೇಳಿ ನೋಡುವುದರಲ್ಲಿ ಅರ್ಥವಿದೆ.

ಥರ್ಡ್ ಪಾರ್ಟಿ ದರವನ್ನು ಮಾತ್ರ ಬಿಡಲಿಲ್ಲ. ಕಾರಣ ಹೀಗಿದೆ. ಬಂಪರ್ ಒಡೆದರೆ ಎಷ್ಟು ಖರ್ಚು ಎಂಬುದು ವಾರದಲ್ಲಿ ಗೊತ್ತಾಗುತ್ತದೆ. ಒಂದು ಸಾವಿಗೆ ಎಷ್ಟು ಕೊಡಬೇಕು ಎಂಬುದು ನಾಲ್ಕಾರು ವರ್ಷ ಕೇಸು ನಡೆದ ಮೇಲೆ ಗೊತ್ತಾಗುತ್ತದೆ. 1988ರ ಕಾಯ್ದೆಯಲ್ಲಿ ಸಾವು-ನೋವಿನ ಪರಿಹಾರಕ್ಕೆ ಮೇಲ್ಮಿತಿ ಇರಲಿಲ್ಲ. ಈ ಭಯಕ್ಕೆ ಕಂಪನಿಗಳು ಲಾರಿ, ಟೆಂಪೊಗಳಂಥ ಬಾಡಿಗೆ ಗಾಡಿಗಳಿಗೆ ಬರೀ ಥರ್ಡ್ ಪಾರ್ಟಿ ವಿಮೆ ಕೊಡಲು ಹಿಂಜರಿಯುತ್ತಿದ್ದವು. ಕಾನೂನು ವಿಮೆ ಬೇಕೆನ್ನುತ್ತದೆ, ಕಂಪನಿ ಬೇಡವೆನ್ನುತ್ತದೆ. ನಡುವೆ ಸಿಕ್ಕಿದವನು ಒಂದೇ ಗಾಡಿ ನಂಬಿ ಬದುಕುವ ಮಾಲೀಕ.

ಅದಕ್ಕೆ 2007ರ ಏಪ್ರಿಲ್ 1ರಿಂದ ‘ಪೂಲ್’ ಮಾಡಿದರು. ಬಾಡಿಗೆ ಗಾಡಿಗಳ ಥರ್ಡ್ ಪಾರ್ಟಿ ಕಂತೂ ನಷ್ಟವೂ ಒಂದೇ ಕೊಪ್ಪರಿಗೆಗೆ. ಎಲ್ಲ ಕಂಪನಿಗಳೂ ಪಾಲು ಹೊರಬೇಕು. ಆದರೆ ನಷ್ಟ ಎಲ್ಲರದೂ ಆದಾಗ ನಿಗಾ ಯಾರದೂ ಆಗಲಿಲ್ಲ. 2011ರ ಮಾರ್ಚ್‌ನಲ್ಲಿ ಪ್ರಾಧಿಕಾರವು ಈ ಪೂಲಿನ ನಷ್ಟಕ್ಕೆ ಶೇಕಡ 153ರ ಲೆಕ್ಕದಲ್ಲಿ ಹಣ ತೆಗೆದಿಡಿ ಎಂದು ಕಂಪನಿಗಳಿಗೆ ಆದೇಶಿಸಿತು. ಎಂದರೆ 100 ರೂಪಾಯಿ ಕಂತು ಬಂದಲ್ಲಿ 153 ರೂಪಾಯಿ ಪರಿಹಾರ ಕೊಡಬೇಕಾಗಬಹುದು. ಪೂಲ್ 2012ರ ಮಾರ್ಚ್ 31ಕ್ಕೆ ಮುಗಿಯಿತು. ಅಷ್ಟರಲ್ಲಿ ಥರ್ಡ್ ಪಾರ್ಟಿ ದರವನ್ನು ಆಗಾಗ ಪರಿಷ್ಕರಿಸುವ ಪದ್ಧತಿ ಬಂದಿತ್ತು. ಈಗ ದರ ಪ್ರಕಟಿಸುವುದು ಪ್ರಾಧಿಕಾರದೊಂದಿಗೆ ಸಮಾಲೋಚಿಸಿ ಕೇಂದ್ರ ಸಾರಿಗೆ ಸಚಿವಾಲಯ. 2022ರ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲೆ 7,897.

ಇಷ್ಟಾದರೂ ಇನ್ನೊಂದು ತೂತು ಉಳಿದಿತ್ತು. ಹೊಸ ಗಾಡಿ ಕೊಂಡಾಗ ವಿಮೆ ಮಾಡಿಸಿದವರು ಮರುವರ್ಷ ಮರೆಯುತ್ತಿದ್ದರು. ಬೈಕಿನವರಲ್ಲಿ ಇದು ಹೆಚ್ಚು. ಅದಕ್ಕಾಗಿ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಆ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕಾಯಿತು. ಷೋರೂಮಿನಲ್ಲಿ ಬೈಕ್ ಬೆಲೆ ಒಮ್ಮೆಲೇ ಏರಿದಂತೆ ಕಂಡದ್ದಕ್ಕೆ ಇದೂ ಒಂದು ಕಾರಣ. ಐದು ವರ್ಷ ಮುಗಿದ ಬೈಕುಗಳು ಈಗ ನಮ್ಮ ಊರುಗಳಲ್ಲಿ ತುಂಬ ಇವೆ. ನಿಮ್ಮದೂ ಅದರಲ್ಲಿದೆಯೇ ಎಂದು ತಾರೀಖು ನೋಡಿಕೊಳ್ಳಿ.

ವಿಮೆ ಇದ್ದರೂ ಸಿಗದವರು

ನಮ್ಮ ಹಳ್ಳಿಗಳಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಕಂತು ಲೆಕ್ಕ ಹಾಕುವಾಗ ಯಾರನ್ನು ಎಣಿಸಿಲ್ಲವೋ, ಅಪಘಾತವಾದಾಗ ಅವರಿಗೆ ಕಂಪನಿ ಕೊಡುವುದಿಲ್ಲ.

ಗೂಡ್ಸ್ ಗಾಡಿಯ ಕಂತು ಸರಕಿನ ಲೆಕ್ಕದ್ದು. ಹಿಂದೆ ನಿಂತ ಜನರ ಲೆಕ್ಕ ಅದರಲ್ಲಿ ಇಲ್ಲ. 1994ರ ತಿದ್ದುಪಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯನ್ನು ಸೇರಿಸಿದರು. ಆಮೇಲೆ ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿದವರಿಗೂ ಪರಿಹಾರ ಉಂಟೇ ಎಂಬ ಪ್ರಶ್ನೆ ಎದ್ದಿತು. 1999ರಲ್ಲಿ ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಂಟು ಎಂದಿತ್ತು. 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ದೊಡ್ಡ ಪೀಠವು ಆ ತೀರ್ಪನ್ನು ಬದಿಗಿಟ್ಟು ಇಲ್ಲ ಎಂದಿತು. ಟೊಮೆಟೊ ಕ್ರೇಟು ತುಂಬಿಕೊಂಡು ಮಾರುಕಟ್ಟೆಗೆ ಹೊರಟ ರೈತನಿಗೆ ವಿಮೆಯ ನೆರಳು ಉಂಟು, ಅವನೂ ಕ್ಯಾಬಿನ್‌ನಲ್ಲಿ ಕೂತಿರಬೇಕು ಎಂದು ಆಮೇಲಿನ ತೀರ್ಪು ಹೇಳಿತು. ಅದೇ ಗಾಡಿಯಲ್ಲಿ ದಿಬ್ಬಣ ಹೊರಟವರಿಗೆ, ಜಾತ್ರೆಗೆ ಹೊರಟವರಿಗೆ, ಹತ್ತಿ ಬಿಡಿಸಲು ಹೊರಟ ಹೆಣ್ಣಾಳುಗಳಿಗೆ ಆ ನೆರಳಿಲ್ಲ. ಗಾಡಿ ಮಾಲೀಕನೇ ಕೆಲಸಕ್ಕೆ ಇಟ್ಟುಕೊಂಡ ಹಮಾಲಿಗಳದು ಬೇರೆ ಲೆಕ್ಕ, ಅವರಿಗೆ ಕಾರ್ಮಿಕ ಪರಿಹಾರದ ಕಾನೂನಿನ ಮಿತಿಯಲ್ಲಿ ಸಿಗುತ್ತದೆ.

ಟ್ರ್ಯಾಕ್ಟರ್ ಕತೆಯೂ ಇದೇ. ಕೃಷಿ ಟ್ರ್ಯಾಕ್ಟರ್‌ಗೆ ಕಂತು ಹಾಕುವಾಗ ಅದು ಹೊಲದ ಕೆಲಸಕ್ಕೆ ಎಂದು ಎಣಿಸಿರುತ್ತಾರೆ. 2004ರ ವಿ. ಚಿನ್ನಮ್ಮ ಪ್ರಕರಣದಲ್ಲಿ ಟ್ರ್ಯಾಕ್ಟರ್-ಟ್ರೈಲರ್‌ನಲ್ಲಿ ವ್ಯಾಪಾರದ ತರಕಾರಿ ಸಾಗಿಸುವಾಗ ಅಪಘಾತವಾಗಿತ್ತು. ಇದು ಕೃಷಿ ಬಳಕೆಯಲ್ಲ, ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಟ್ರ್ಯಾಕ್ಟರ್‌ನಲ್ಲಿ ಇರುವುದು ಒಂದೇ ಸೀಟು. ಮಡ್‌ಗಾರ್ಡ್ ಮೇಲೆ ಕೂತವನೂ, ಟ್ರೈಲರ್‌ನಲ್ಲಿ ಕೂತವರೂ ಆ ಲೆಕ್ಕದಲ್ಲಿ ಇಲ್ಲ. ಟ್ರೈಲರ್‌ಗೂ ವಿಮೆ ಆಗಿರಬೇಕೆಂಬುದು ಹಲವರಿಗೆ ಗೊತ್ತಿಲ್ಲ.

ಬೈಕಿನ ಹಿಂದೆ ಕೂತವರ ವಿಷಯ ಇನ್ನೂ ಹತ್ತಿರದ್ದು. ಬರೀ ಕಾನೂನಿಗೆ ಬೇಕಾದಷ್ಟೇ ಇರುವ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬಾಡಿಗೆ ಕೊಡದೆ ಹಿಂದೆ ಕೂತವರು ಬರುವುದಿಲ್ಲ ಎಂದು 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ತೀರ್ಪಾಯಿತು. ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ನಿಮ್ಮ ತಪ್ಪಿನಿಂದಲೇ ಬಿದ್ದರೆ, ನಿಮ್ಮ ಪಾಲಿಸಿಯಿಂದ ಆಕೆಗೆ ಏನೂ ಬರದಿರಬಹುದು. ಪ್ಯಾಕೇಜ್ ಪಾಲಿಸಿ, ಅಂದರೆ ‘ಫುಲ್ ಇನ್ಶೂರೆನ್ಸ್’ ಇದ್ದರೆ ಹಿಂದೆ ಕೂತವರೂ, ಕಾರಿನ ಒಳಗಿದ್ದವರೂ ಸೇರುತ್ತಾರೆ ಎಂದು ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. ಇನ್ನು ಗಾಡಿ ಓಡಿಸುವ ಮಾಲೀಕನೇ ಸತ್ತರೆ? ಅವನು ಮೂರನೆಯವನಲ್ಲ. ಅದಕ್ಕೇ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿ ಇರುವುದು.

ಲೈಸೆನ್ಸ್ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಮೂರನೆಯವರ ಕೈ ಹಿಡಿದಿವೆ. 1987ರ ಸ್ಕಾಂಡಿಯಾ ಪ್ರಕರಣದಲ್ಲಿ ಲಾರಿ ಚಾಲಕ ಎಂಜಿನ್ ಆರಿಸದೆ ತಿಂಡಿ ತರಲು ಇಳಿದಿದ್ದ. ಲೈಸೆನ್ಸ್ ಇಲ್ಲದ ಕ್ಲೀನರ್ ಲಾರಿ ಓಡಿಸಿ ಅಪಘಾತ ಮಾಡಿದ. ಮಾಲೀಕ ಲೈಸೆನ್ಸ್ ಇದ್ದವನಿಗೇ ಗಾಡಿ ಕೊಟ್ಟಿದ್ದ, ಆದ್ದರಿಂದ ಕಂಪನಿ ಪರಿಹಾರ ಕೊಡಲೇಬೇಕು ಎಂದಾಯಿತು. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ‘ಮೊದಲು ಕೊಡು, ಆಮೇಲೆ ವಸೂಲಿ ಮಾಡು’ ಎಂಬ ಕ್ರಮ ಗಟ್ಟಿಯಾಯಿತು. ಸತ್ತವರ ಮನೆಗೆ ಕಂಪನಿ ಕೊಡುತ್ತದೆ, ತಪ್ಪು ಮಾಲೀಕನದಾದರೆ ಅವನಿಂದ ವಸೂಲಿ ಮಾಡುತ್ತದೆ. ಮಗನಿಗೆ ಹದಿನಾರಕ್ಕೇ ಬೈಕ್ ಕೀ ಕೊಡುವ ತಂದೆಯರು ‘ಇನ್ಶೂರೆನ್ಸ್ ಇದೆ ಬಿಡು’ ಅನ್ನುವ ಮುಂಚೆ ಇದನ್ನು ನೆನೆಯಬೇಕು. ಕಂಪನಿ ಕೊಟ್ಟದ್ದನ್ನು ಹೊಲ ಮಾರಿ ತೀರಿಸಬೇಕಾಗಬಹುದು.

ಹಳೆ ಗಾಡಿ ಮಾರುವಾಗ

ನಮ್ಮ ಕಡೆ ಗಾಡಿ ಮಾರಿದ ಮೇಲೆ ಆರ್‌ಸಿ ಬದಲಾಗುವುದು ನಿಧಾನ. ‘ಗೊತ್ತಿರೋರೇ, ಆಮೇಲೆ ಮಾಡಿಸಿಕೊಳ್ತಾರೆ’ ಎಂದು ಬಿಡುತ್ತೇವೆ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಕಾರು ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು. ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವನೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಾರಿ ಎರಡು ವರ್ಷವಾಗಿದ್ದರೂ ಸರಿ.

ಕೊಂಡವರಿಗೂ ಒಂದು ಮಾತು. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಹೊಸಬರಿಗೆ ಬರುತ್ತದೆ. ಓನ್ ಡ್ಯಾಮೇಜ್ ಹಾಗೆ ತಾನಾಗಿ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮನುಷ್ಯನದು. ಮಾರಿದವನು ಅದನ್ನು ತನ್ನ ಮುಂದಿನ ಕಾರಿಗೆ ಒಯ್ಯಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಗುತ್ತದೆ. 12,000 ರೂಪಾಯಿ ಕಂತಿಗೆ 50ರ ಬೋನಸ್ ಇರುವವನು 3,000 ರೂಪಾಯಿಯ ಸಣ್ಣ ರಿಪೇರಿಗೆ ಕ್ಲೇಮ್ ಮಾಡಿದರೆ, ಮರುವರ್ಷ 6,000 ರೂಪಾಯಿ ಬಿಡುವು ಕಳೆದುಕೊಳ್ಳುತ್ತಾನೆ. ಸಣ್ಣ ಪೆಟ್ಟನ್ನು ಕೈಯಿಂದ ಕೊಟ್ಟು, ದೊಡ್ಡದಕ್ಕೆ ವಿಮೆ ಉಳಿಸಿಕೊಳ್ಳುವುದು ಲಾಭ.

ಅಳತೆಗೋಲು ಮತ್ತೆ ಬದಲಾಗುತ್ತಿದೆ

2022ರ ಜುಲೈನಲ್ಲಿ ಪ್ರಾಧಿಕಾರವು ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ಓನ್ ಡ್ಯಾಮೇಜ್ ಕಂತು ಹಾಕಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ವಾರಕ್ಕೊಮ್ಮೆ ಸಂತೆಗೆ ಮಾತ್ರ ಕಾರು ತೆಗೆಯುವವರಿಗೆ ಇದು ಅಗ್ಗವಾಗಬಹುದು. ಬದಲಿಗೆ ನಿಮ್ಮ ಓಡಾಟ, ವೇಗ, ಬ್ರೇಕ್ ಒತ್ತುವ ರೀತಿ ಫೋನಿನ ಅಥವಾ ಗಾಡಿಯ ಯಂತ್ರದ ಮೂಲಕ ಕಂಪನಿಗೆ ಹೋಗುತ್ತದೆ. 1946ರಲ್ಲಿ ಕಂಪನಿಗೆ ಗೊತ್ತಿದ್ದದ್ದು ಗಾಡಿಯ ಬಗ್ಗೆ ಮಾತ್ರ. ಈಗ ಓಡಿಸುವವನ ಬಗ್ಗೆ.

ಆದರೆ ಎಂಥ ಯಂತ್ರ ಬಂದರೂ ಟ್ರೈಲರ್‌ನಲ್ಲಿ ನಿಂತು ಕೂಲಿಗೆ ಹೋಗುವವರು ಆ ಲೆಕ್ಕದಲ್ಲಿ ಬರುವುದಿಲ್ಲ. ಅವರಿಗೆ ಬಸ್ಸು ಇಲ್ಲ, ಆದ್ದರಿಂದ ಹತ್ತುತ್ತಾರೆ. ಅವರನ್ನು ಹತ್ತಿಸಿಕೊಳ್ಳುವ ಮಾಲೀಕರೂ ಬಹುಪಾಲು ನಮ್ಮೂರಿನವರೇ, ದುಡ್ಡಿನವರೇನಲ್ಲ. ಅಪಘಾತವಾದರೆ ಎರಡೂ ಮನೆ ಮುಳುಗುತ್ತವೆ. ಮುಂದಿನ ಸುಗ್ಗಿಗೆ ಆಳುಗಳನ್ನು ಕರೆದೊಯ್ಯುವ ಮೊದಲು ಜನ ಕೂರಲು ಪರವಾನಗಿ ಇರುವ ಗಾಡಿ ಗೊತ್ತು ಮಾಡಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಹಂಚಿಕೊಂಡರೆ ತಲೆಗೆ ಬರುವುದು ಕಡಿಮೆ.

ಇವತ್ತು ಸಂಜೆ ಒಂದೈದು ನಿಮಿಷ ಬಿಡುವು ಮಾಡಿಕೊಂಡು ಫೋನಿನಲ್ಲಿರುವ ಆ ಪಿಡಿಎಫ್ ತೆರೆಯಿರಿ. ಮುಗಿಯುವ ತಾರೀಖು, ಆರ್‌ಸಿಯಲ್ಲಿರುವ ಹೆಸರೇ ಇದೆಯೇ, ಐಡಿವಿ ಎಷ್ಟು, ಬರೀ ಥರ್ಡ್ ಪಾರ್ಟಿಯೋ ಪ್ಯಾಕೇಜೋ, ಎಷ್ಟು ಸೀಟಿಗೆ ವಿಮೆ, ಬಳಕೆ ಯಾವುದೆಂದು ಬರೆದಿದೆ, ಈ ಆರನ್ನು ನೋಡಿ. ಮನೆಯಲ್ಲಿ ಇನ್ನೊಬ್ಬರಿಗೂ ಆ ಪಿಡಿಎಫ್ ಕಳಿಸಿಡಿ. ಬೇಕಾಗುವ ದಿನ ಅದನ್ನು ಹುಡುಕುವವರು ನೀವಾಗಿರುವುದಿಲ್ಲ.